ಮೋಟಾರು ಬದಲಿಸುವ ಮೊದಲು ಫ್ಲೋಟಿನ ತಳ ನೋಡಿ

ಪ್ರಶ್ನೆ: ನಾನು ಕುಂದಾಪುರದವನು. ಮಗಳು ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾಳೆ. ಅವಳೂ ಮೂವರು ಗೆಳತಿಯರೂ ಸೇರಿ ರಿಮೋಟಿನಲ್ಲಿ ಹಾರುವ ಮಾದರಿ ವಿಮಾನ ಮಾಡಿದ್ದಾರೆ. ರೆಕ್ಕೆ ತುದಿಯಿಂದ ತುದಿಗೆ 1.8 ಮೀಟರ್, ಮೂತಿಯಿಂದ ಬಾಲಕ್ಕೆ 1.3 ಮೀಟರ್. ಚಕ್ರ ಇದ್ದಾಗ ತೂಕ 3.4 ಕೆ.ಜಿ. ಇತ್ತು, ಮೈದಾನದಲ್ಲಿ ಇಪ್ಪತ್ತು ಮೀಟರ್ ಓಡಿ ಸಲೀಸಾಗಿ ಏಳುತ್ತಿತ್ತು. ಮೊದಲ ಮಹಾಯುದ್ಧದ ಕಾಲದ ನೌಕಾಪಡೆಯ ವಿಮಾನದ ಹಾಗೆ ನೀರಿನಿಂದ ಹಾರಿಸಬೇಕು ಅಂತ ಚಕ್ರ ತೆಗೆದು, ವಿಮಾನವನ್ನು ನೀರಿನಲ್ಲಿ ತೇಲಿಸುವ 80 ಸೆಂ.ಮೀ. ಉದ್ದದ ಎರಡು ಫ್ಲೋಟ್ ಕಟ್ಟಿದರು. ಈಗ ತೂಕ 4.3 ಕೆ.ಜಿ. ಫ್ಲೋಟಿನ ತಳವನ್ನು ನಮ್ಮ ಕಡೆಯ ದೋಣಿಯ ಹಾಗೆ ನುಣ್ಣಗೆ ಮಾಡಿ, ಹಿಂದೆ ಮೇಲಕ್ಕೆ ಬಾಗಿಸಿದ್ದಾರೆ. ಬೆಳಿಗ್ಗೆ ಹೊಳೆ ಕನ್ನಡಿಯ ಹಾಗಿರುವಾಗ ಬಿಟ್ಟರೆ ದೋಣಿಯಂತೆ ಓಡುತ್ತದೆ, ಏಳುವುದೇ ಇಲ್ಲ. ಪೂರ್ತಿ ವೇಗ ಕೊಟ್ಟರೆ ಮೂತಿ ನೀರಿಗೆ ಬಗ್ಗುತ್ತದೆ. ಒಂದು ಪ್ರೊಪೆಲ್ಲರ್ ಆಗಲೇ ಮುರಿದಿದೆ. ಅಂಗಡಿಯವರು ಇನ್ನೂ ದೊಡ್ಡ ಮೋಟಾರು, ದೊಡ್ಡ ಬ್ಯಾಟರಿ ಹಾಕಿ ಅನ್ನುತ್ತಾರೆ. ಪಕ್ಕದ ಮನೆಯ ಮೀನುಗಾರರು, ನಿಂತ ನೀರು ಬಿಡೋದಿಲ್ಲ, ಅಲೆ ಬೇಕು ಅನ್ನುತ್ತಾರೆ. ನನ್ನ ಭಾವ ಮಾತ್ರ, ಈ ಐಡಿಯಾನೇ ತಪ್ಪು, ನೌಕಾಪಡೆಗಳೇ ಬಿಟ್ಟ ಯಂತ್ರ ಇದು, ಸುಮ್ನೆ ದುಡ್ಡು ಹಾಳು ಅನ್ನುತ್ತಾನೆ. ಪ್ರದರ್ಶನಕ್ಕೆ ಮೂರು ವಾರ ಇದೆ. ಯಾರ ಮಾತು ಕೇಳಲಿ?

ಉತ್ತರ: ಮೂವರ ಮಾತನ್ನೂ ಆಮೇಲೆ ನೋಡೋಣ. ನನಗೆ ಸುಳಿವು ಸಿಕ್ಕಿದ್ದು ನೀವು ಹೆಮ್ಮೆಯಿಂದ ಬರೆದ ಇನ್ನೊಂದು ಸಾಲಿನಲ್ಲಿ. ತಳ ದೋಣಿಯ ಹಾಗೆ ನುಣ್ಣಗಿದೆ, ಹಿಂದೆ ಮೇಲಕ್ಕೆ ಬಾಗಿದೆ ಅಂದಿದ್ದೀರಲ್ಲ, ತೊಂದರೆ ಅಲ್ಲೇ ಇದೆ. ಹುಡುಗಿಯರು ಒಳ್ಳೆಯ ದೋಣಿ ಮಾಡಿದ್ದಾರೆ. ದೋಣಿ ನೀರಿನಲ್ಲಿ ಉಳಿಯಬೇಕು. ಫ್ಲೋಟ್ ನೀರು ಬಿಡಬೇಕು.

ಬೇಜಾರು ಮಾಡಿಕೊಳ್ಳಬೇಡಿ ಅಂತ ಹೇಳಿ. ಇದೇ ತಪ್ಪನ್ನು ಇವರಿಗಿಂತ ನೂರು ವರ್ಷ ಮೊದಲು ತುಂಬ ದೊಡ್ಡವರೇ ಮಾಡಿದ್ದಾರೆ. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅಮೆರಿಕ, ಕೆನಡಾದ ನಾಲ್ವರು ತರುಣರನ್ನು ಸೇರಿಸಿ ವಿಮಾನ ಪ್ರಯೋಗದ ತಂಡ ಕಟ್ಟಿದ್ದರು. ಅದರಲ್ಲಿ ಗ್ಲೆನ್ ಕರ್ಟಿಸ್ ಒಬ್ಬರು. ಅವರ 'ಜೂನ್ ಬಗ್' ವಿಮಾನ 1908ರ ಜುಲೈ 4ರಂದು ನ್ಯೂಯಾರ್ಕ್ ರಾಜ್ಯದ ಹ್ಯಾಮಂಡ್ಸ್‌ಪೋರ್ಟ್‌ನಲ್ಲಿ ಎಲ್ಲರ ಕಣ್ಣೆದುರು ಒಂದೂವರೆ ಕಿಲೋಮೀಟರ್ ಹಾರಿ ಬಹುಮಾನ ಗೆದ್ದಿತು. ಆಗ ಅದಕ್ಕೆ ಚಕ್ರ ಇತ್ತು. ಅದೇ ವರ್ಷದ ಕೊನೆಗೆ ಚಕ್ರ ತೆಗೆದು, ಉದ್ದ ಮೂತಿಯ ತೆಳ್ಳನೆ ದೋಣಿಯಂಥ ಎರಡು ಫ್ಲೋಟ್ ಕಟ್ಟಿ, 'ಲೂನ್' ಅಂತ ಹೆಸರಿಟ್ಟು ಕ್ಯೂಕಾ ಕೆರೆಗೆ ಇಳಿಸಿದರು. ಲೂನ್ ಅಂದರೆ ಆ ಕಡೆಯ ನೀರುಹಕ್ಕಿ. ಅದೂ ನೀರಿನ ಮೇಲೆ ಉದ್ದಕ್ಕೆ ಓಡಿಯೇ ಏಳುವ ಹಕ್ಕಿ. ಹಕ್ಕಿಯಾದರೂ ಏಳುತ್ತದೆ, ವಿಮಾನ ಏಳಲಿಲ್ಲ. ಗಂಟೆಗೆ 40 ಕಿಲೋಮೀಟರಿಗಿಂತ ಜಾಸ್ತಿ ವೇಗದಲ್ಲಿ ನೀರನ್ನು ಸೀಳಿಕೊಂಡು ಓಡಿತು, ಅಷ್ಟೇ. ಕೊನೆಗೆ 1909ರ ಜನವರಿಯಲ್ಲಿ ಒಂದು ಫ್ಲೋಟಿಗೆ ನೀರು ನುಗ್ಗಿ ಮುಳುಗಿತು.

ಅದೇ ವಿಮಾನ. ಚಕ್ರದ ಮೇಲೆ ಹಾರಿದ್ದು ನೀರಿನ ಮೇಲೆ ಹಾರಲಿಲ್ಲ. ನಿಮ್ಮ ಮನೆಯ ಕಥೆಯೇ ಅಲ್ವಾ?

ಕಾರಣ ನೋಡಲು ನಿಮ್ಮ ಅಡುಗೆಮನೆ ಸಾಕು. ಸ್ಟೀಲ್ ಲೋಟದಿಂದ ಡಬರಾಕ್ಕೆ ಕಾಫಿ ಹೊಯ್ಯಿರಿ. ಲೋಟದ ಅಂಚು ದುಂಡಗೆ ಮಡಚಿದ್ದು, ನೀವು ನಿಧಾನವಾಗಿ ಹೊಯ್ದರೆ ಕಾಫಿ ಡಬರಾಕ್ಕೆ ಬೀಳುವ ಬದಲು ಲೋಟದ ಹೊರಮೈ ಹಿಡಿದು ಇಳಿದು ಪಂಚೆಯ ಮೇಲೆ ಬೀಳುತ್ತದೆ. ಅಂಚು ಚೂಪಾಗಿರುವ ಲೋಟದಲ್ಲಿ ಹೀಗಾಗುವುದು ಕಡಿಮೆ. ಹರಿಯುವ ನೀರಿಗೆ ಬಾಗಿದ ನುಣ್ಣನೆ ಮೈ ಸಿಕ್ಕರೆ ಅದನ್ನು ತಬ್ಬಿಕೊಂಡೇ ಹೋಗುತ್ತದೆ. ಚೂಪು ಅಂಚು ಬಂದಲ್ಲಿ ಕೈಬಿಡುತ್ತದೆ. ಇನ್ನೂ ಖಾತ್ರಿ ಬೇಕಿದ್ದರೆ ನಲ್ಲಿ ನೀರಿಗೆ ಚಮಚದ ಬೆನ್ನು ಮೆಲ್ಲಗೆ ತಾಗಿಸಿ. ನೀರು ಚಮಚವನ್ನು ತಳ್ಳುವುದಿಲ್ಲ, ಒಳಗೆ ಎಳೆದುಕೊಳ್ಳುತ್ತದೆ. ಮಗಳ ಫ್ಲೋಟಿನ ಹಿಂಭಾಗ ಅಂಥದೇ ಚಮಚದ ಬೆನ್ನು. ವೇಗ ಹೆಚ್ಚಿದಷ್ಟೂ ಎಳೆತ ಹೆಚ್ಚು. ರೆಕ್ಕೆ ಮೇಲಕ್ಕೆತ್ತುತ್ತದೆ, ತಳ ಕೆಳಕ್ಕೆಳೆಯುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ಈ ಜಗ್ಗಾಟದಲ್ಲಿ ಗೆಲ್ಲುವುದು ಯಾರು ಅಂತ ಬೇರೆ ಹೇಳಬೇಕಾಗಿಲ್ಲ.

ಇದಕ್ಕೆ ಸಿಕ್ಕ ಮದ್ದಿನ ಹೆಸರು 'ಸ್ಟೆಪ್'. ಕನ್ನಡದಲ್ಲಿ ಮೆಟ್ಟಿಲು ಅಂದರೆ ಸಾಕು. ಫ್ಲೋಟಿನ ತಳ ಮೂತಿಯಿಂದ ಸುಮಾರು ಅರ್ಧದವರೆಗೆ ಬಂದು, ಅಲ್ಲಿ ತಟ್ಟನೆ ಕತ್ತರಿಸಿದ ಹಾಗೆ ಮೇಲಕ್ಕೆ ಹೋಗಿ, ಆಮೇಲೆ ಹಿಂದಕ್ಕೆ ಮುಂದುವರಿಯುತ್ತದೆ. ವೇಗವಾಗಿ ಬಂದ ನೀರಿಗೆ ಆ ಚೂಪು ಅಂಚಿನಲ್ಲಿ ಮೈ ತಪ್ಪುತ್ತದೆ. ಪಕ್ಕದಿಂದ ಗಾಳಿ ನುಗ್ಗುತ್ತದೆ. ಹಿಂಭಾಗ ಒಣಗುತ್ತದೆ. ಫ್ಲೋಟ್ ನೀರಿನಲ್ಲಿ ಮುಳುಗಿ ಓಡುವ ಬದಲು, ಕೆರೆಯಲ್ಲಿ ಎಸೆದ ಚಪ್ಪಟೆ ಕಲ್ಲಿನಂತೆ ನೀರಿನ ಮೇಲ್ಮೈಯಲ್ಲಿ ಜಾರತೊಡಗುತ್ತದೆ.

ಈ ಹಂತ ದಾಟುವುದೇ ದೊಡ್ಡ ಕೆಲಸ. ಸೀಪ್ಲೇನ್, ಅಂದರೆ ನೀರಿನಿಂದ ಏಳುವ ವಿಮಾನದ ಕೆಲಸದವರು ಇದನ್ನು 'ಹಂಪ್' ಅನ್ನುತ್ತಾರೆ, ರಸ್ತೆಯ ಹಂಪ್ ಇದ್ದ ಹಾಗೆ. ಏಳುವ ವೇಗದ ಹತ್ತಿರ ಹತ್ತಿರ ಅರ್ಧಕ್ಕೆ ಬರುವಾಗ ನೀರಿನ ತಡೆ ತುತ್ತತುದಿಗೆ ಹೋಗುತ್ತದೆ. ಅದನ್ನು ದಾಟಿ ಮೆಟ್ಟಿಲಿನ ಮೇಲೆ ನಿಂತರೆ ತಡೆ ಇಳಿಯುತ್ತದೆ, ವಿಮಾನ ಹಗುರಾದ ಹಾಗೆ ಮುಂದಕ್ಕೆ ಜಿಗಿಯುತ್ತದೆ. ನಿಮ್ಮದು ಹಂಪ್‌ನ ಈಚೆಗೇ ಏದುಸಿರು ಬಿಡುತ್ತಿದೆ.

ಮೆಟ್ಟಿಲು ಯಾರು ಮೊದಲು ಹಾಕಿದ್ದು ಅನ್ನುವ ವಾದಕ್ಕೆ ನಾನು ಹೋಗುವುದಿಲ್ಲ. ವೇಗದ ದೋಣಿಗಳಲ್ಲಿ ಅದು ವಿಮಾನಕ್ಕಿಂತ ಮೊದಲೇ ಇತ್ತು. ನೀರಿನಿಂದ ಮೊದಲು ಎದ್ದವರು ಫ್ರಾನ್ಸಿನ ಆನ್ರಿ ಫಾಬ್ರ್. 1910ರ ಮಾರ್ಚ್ 28ರಂದು ಮಾರ್ಸೇಲ್ ಹತ್ತಿರದ ಬೆರ್ ಎಂಬ ಉಪ್ಪುನೀರಿನ ಸರೋವರದಲ್ಲಿ, 50 ಅಶ್ವಶಕ್ತಿಯ ಎಂಜಿನ್ನಿನಲ್ಲಿ, ಸುಮಾರು ಅರ್ಧ ಕಿಲೋಮೀಟರ್ ಹಾರಿದರು. ಅದಕ್ಕೆ ಮೊದಲು ಅವರು ಯಾವ ವಿಮಾನವನ್ನೂ ಹಾರಿಸಿದವರಲ್ಲ! ಅವರ ಫ್ಲೋಟುಗಳ ತಳ ಚಪ್ಪಟೆ, ಬೆನ್ನು ಮಾತ್ರ ಬಾಗಿದ್ದು. ಅಂದರೆ ನಿಮ್ಮ ಮಗಳದ್ದಕ್ಕೆ ತದ್ವಿರುದ್ಧ. ಕರ್ಟಿಸ್ ಕೂಡ ಲೂನ್‌ನಿಂದ ಪಾಠ ಕಲಿತು ಬೇರೆ ಬೇರೆ ಆಕಾರ ಕಟ್ಟಿ ಬಿಚ್ಚಿ ನೋಡಿದರು. ಕೊನೆಗೆ ಅಗಲವಾದ ಚಪ್ಪಟೆ ಪೆಟ್ಟಿಗೆಯಂಥ ಫ್ಲೋಟ್ ನಡುವೆ ಹಾಕಿ 1911ರ ಜನವರಿ 26ರಂದು ಸ್ಯಾನ್ ಡಿಯೇಗೊದಲ್ಲಿ ಎದ್ದರು. ಮೂರೇ ವಾರದಲ್ಲಿ, ಫೆಬ್ರವರಿ 17ಕ್ಕೆ, 'ಪೆನ್ಸಿಲ್ವೇನಿಯಾ' ಯುದ್ಧನೌಕೆಯ ಪಕ್ಕ ಇಳಿದರು. ನೌಕೆಯ ಕ್ರೇನ್ ವಿಮಾನವನ್ನು ಮೇಲೆತ್ತಿಕೊಂಡಿತು, ಮತ್ತೆ ನೀರಿಗೆ ಇಳಿಸಿತು, ಅವರು ಹಾರಿ ವಾಪಸ್ ಹೋದರು. ನೌಕಾಪಡೆಗಳ ಕಣ್ಣು ತೆರೆದದ್ದು ಇಂಥ ದೃಶ್ಯಗಳಿಂದ. ಅದೇ ವರ್ಷ ಜುಲೈನಲ್ಲಿ ಅಮೆರಿಕದ ನೌಕಾಪಡೆಯ ಮೊದಲ ವಿಮಾನ ಹಾರಿತು. ಅದನ್ನು ಕಟ್ಟಿದ್ದೂ ಕರ್ಟಿಸ್.

ಇಷ್ಟೆಲ್ಲ ಗೊತ್ತಿದ್ದೂ 1912ರಲ್ಲಿ ಅವರು ಇಡೀ ಒಡಲೇ ದೋಣಿಯಾಗಿರುವ ವಿಮಾನ ಮಾಡಿದಾಗ ಅದು ಮತ್ತೆ ನೀರು ಬಿಡಲಿಲ್ಲ. ಪಕ್ಕದಲ್ಲಿ ದೋಣಿ ಓಡಿಸುತ್ತಾ ತಳದ ನೀರನ್ನು ಗಮನಿಸಿದರು. ಆಮೇಲೆ ತಳಕ್ಕೆ ಮರದ ಬೆಣೆ ಬಡಿದು ಮೆಟ್ಟಿಲು ಮಾಡಿದರು. ಎದ್ದಿತು. ನಮ್ಮ ಬೆಳ್ಳಂದೂರು ಕೆರೆಗೆ ಎರಡನೇ ಮಹಾಯುದ್ಧದಲ್ಲಿ ಬಂದು ಇಳಿಯುತ್ತಿದ್ದ ಕ್ಯಾಟಲೀನಾಗಳು ಈ ದೋಣಿ ವಿಮಾನದ ಮೊಮ್ಮಕ್ಕಳು. ಎಚ್‌ಎಎಲ್‌ನಲ್ಲಿ ರಿಪೇರಿಗೆ ಅವು ಬರುತ್ತಿದ್ದವು. ಇವತ್ತು ಆ ಕೆರೆಯ ಮುಂದೆ ನಿಂತರೆ ಇದನ್ನು ನಂಬುವುದು ಕಷ್ಟ.

ಈಗ ಅಂಗಡಿಯವರ ಸಲಹೆ. ಇದು ತೀರಾ ಸುಳ್ಳಲ್ಲ. ಶಕ್ತಿ ಸಾಕಷ್ಟಿದ್ದರೆ ಎಂಥ ಕೆಟ್ಟ ತಳವನ್ನೂ ಎಳೆದು ಬಿಡಿಸಬಹುದು. ಆದರೆ ನಿಮ್ಮ ಮೂತಿ ಆಗಲೇ ನೀರಿಗೆ ಬಗ್ಗುತ್ತಿದೆ. ಮೋಟಾರು ಮೇಲೆ ಕೂತು ಮುಂದಕ್ಕೆ ಎಳೆಯುತ್ತದೆ, ನೀರು ಕೆಳಗೆ ಫ್ಲೋಟನ್ನು ಹಿಂದಕ್ಕೆ ಹಿಡಿಯುತ್ತದೆ. ಓಡುವವನ ಕಾಲು ಹಿಡಿದು, ಬೆನ್ನಿಗೆ ಕೈ ಹಾಕಿ ತಳ್ಳಿದರೆ ಏನಾಗುತ್ತದೆ? ಮುಗ್ಗರಿಸುತ್ತಾನೆ. ಇನ್ನೂ ಜೋರಾಗಿ ತಳ್ಳಿದರೆ ಇನ್ನೂ ಬೇಗ ಮುಗ್ಗರಿಸುತ್ತಾನೆ. ದೊಡ್ಡ ಮೋಟಾರು ಹಾಕಿದರೆ ಎರಡನೇ ಪ್ರೊಪೆಲ್ಲರೂ ಹೋಗುತ್ತದೆ, ಜೊತೆಗೆ ಬ್ಯಾಟರಿಯ ತೂಕವೂ ಸೇರುತ್ತದೆ. ನಿಮ್ಮ ವಿಮಾನ ಈಗಾಗಲೇ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿಯೇ ದಪ್ಪಗಾಗಿದೆ. ಅಷ್ಟಕ್ಕೇ ಏಳುವ ವೇಗ ಸುಮಾರು 12 ಪ್ರತಿಶತ ಮೇಲೆ ಹೋಗಿರುತ್ತದೆ.

ತೂಕದ ವಿಷಯಕ್ಕೆ ಒಂದು ಕಥೆ ಹೇಳಲೇಬೇಕು. ಬ್ರಿಟಿಷ್ ನೌಕಾಪಡೆಯ ಶಾರ್ಟ್ 184 ಅನ್ನುವ ಫ್ಲೋಟ್ ವಿಮಾನ 1915ರಲ್ಲಿ ಟರ್ಕಿಯ ಡಾರ್ಡನೆಲ್ಸ್ ಜಲಸಂಧಿಗೆ ಹೋಗಿತ್ತು. ಹೊಟ್ಟೆಯ ಕೆಳಗೆ, ನೀರಿನಲ್ಲಿ ಓಡಿ ಹಡಗಿಗೆ ಬಡಿದು ಸಿಡಿಯುವ ಸುಮಾರು 370 ಕೆ.ಜಿ.ಯ ಟಾರ್ಪಿಡೊ. ಅಷ್ಟು ಹೊತ್ತು ಏಳಬೇಕೆಂದರೆ ಇಬ್ಬರು ಕೂರುವ ವಿಮಾನದಲ್ಲಿ ಒಬ್ಬರನ್ನು ಕೆಳಗಿಳಿಸಬೇಕಿತ್ತು. ಆಗಸ್ಟ್ 12ರಂದು ಚಾರ್ಲ್ಸ್ ಎಡ್ಮಂಡ್ಸ್ ಒಬ್ಬರೇ ಹಾರಿ ಟರ್ಕಿಯ ಹಡಗಿಗೆ ಟಾರ್ಪಿಡೊ ಹೊಡೆದರು. ವಿಮಾನದಿಂದ ಹಡಗಿಗೆ ಟಾರ್ಪಿಡೊ ತಾಗಿದ್ದು ಅದೇ ಮೊದಲು. ನನಗೆ ಇಷ್ಟವಾದದ್ದು ಐದು ದಿನದ ನಂತರದ ಘಟನೆ. ಡೇಕರ್ ಅನ್ನುವ ಇನ್ನೊಬ್ಬ ಪೈಲಟ್‌ಗೆ ಎಂಜಿನ್ ಕೈಕೊಟ್ಟಿತು. ಶತ್ರುವಿನ ನೀರಿನಲ್ಲೇ ಇಳಿಯಬೇಕಾಯಿತು. ಎದುರಿಗೆ ಒಂದು ಟಗ್ ಬೋಟ್ ಕಂಡಿತು. ಮನುಷ್ಯ ವಿಮಾನವನ್ನು ದೋಣಿಯ ಹಾಗೆ ಓಡಿಸಿಕೊಂಡು ಹೋಗಿ, ನೀರಿನ ಮೇಲಿಂದಲೇ ಟಾರ್ಪಿಡೊ ಬಿಟ್ಟು ಅದನ್ನು ಹೊಡೆದರು. ಹೊರೆ ಇಳಿಯಿತು ನೋಡಿ, ಅದೇ ರೋಗಿಷ್ಟ ಎಂಜಿನ್ನಿನಲ್ಲಿ ವಿಮಾನ ನೀರು ಬಿಟ್ಟು ಎದ್ದಿತು.

ತೂಕದ ಇನ್ನೊಂದು ಮುಖವೂ ಇದೆ, ಅದು ನಗುವ ಕಥೆಯಲ್ಲ. 1916ರಲ್ಲಿ ಮೆಸೊಪೊಟೇಮಿಯಾದ (ಇಂದಿನ ಇರಾಕ್) ಕೂಟ್‌ನಲ್ಲಿ ಬ್ರಿಟಿಷ್ ಭಾರತದ ಸೇನೆಯ, ಪುಣೆಯ 6ನೇ ಡಿವಿಷನ್ ಮುತ್ತಿಗೆಗೆ ಸಿಕ್ಕಿ ಹಸಿದು ಕೂತಿತ್ತು. ಅದರಲ್ಲಿ ಮರಾಠಾ ಪಲ್ಟನ್‌ಗಳಿದ್ದವು. ಇವತ್ತು ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್ಫೆಂಟ್ರಿಯ ಹಿರಿಯರು ಅವರು. ಇದೇ ಶಾರ್ಟ್ 184ಗಳು ಹೋಗಿ ಆಹಾರದ ಮೂಟೆ ಹಾಕಿದವು. ಆದರೆ ಫ್ಲೋಟುಗಳನ್ನೇ ಹೊರಬೇಕಾದ ವಿಮಾನ ಹಿಟ್ಟು ಎಷ್ಟು ಹೊತ್ತೀತು? ಏಪ್ರಿಲ್ 29ರಂದು ಕೂಟ್ ಶರಣಾಯಿತು.

ಇನ್ನು ನಿಮ್ಮ ಮೀನುಗಾರರು. ಅವರು ಅರ್ಧ ಅಲ್ಲ, ಮುಕ್ಕಾಲು ಸರಿ. ತೊಳೆದ ಎರಡು ಸ್ಟೀಲ್ ತಟ್ಟೆ ಒಂದರ ಮೇಲೊಂದು ಅಂಟಿಕೊಂಡರೆ ಎಳೆದರೂ ಬಿಡುವುದಿಲ್ಲ, ಅಲ್ವಾ? ಅಂಚಿನಲ್ಲಿ ಉಗುರು ತೂರಿಸಿ ಗಾಳಿ ಬಿಟ್ಟರೆ ಟಪ್ ಅಂತ ಬಿಡುತ್ತದೆ. ಕನ್ನಡಿಯಂಥ ನೀರು ಫ್ಲೋಟಿನ ತಳಕ್ಕೆ ಹಾಗೇ ಅಂಟುತ್ತದೆ. ಸಣ್ಣ ತೆರೆ ಇದ್ದರೆ ನಡುವೆ ಗಾಳಿ ಸೇರುತ್ತದೆ. ಇವತ್ತಿಗೂ ಸೀಪ್ಲೇನ್ ಪೈಲಟ್‌ಗಳು ನಿಂತ ನೀರಿನಲ್ಲಿ ಮೊದಲು ಒಂದು ಸುತ್ತು ಓಡಿಸಿ, ತಾವೇ ಎಬ್ಬಿಸಿದ ತೆರೆಯ ಮೇಲೆ ಹಾದು ಏಳುವುದುಂಟು. ಒಂದು ರೆಕ್ಕೆ ಸ್ವಲ್ಪ ಎತ್ತಿ ಮೊದಲು ಒಂದು ಫ್ಲೋಟ್, ಆಮೇಲೆ ಇನ್ನೊಂದು ಬಿಡಿಸುವುದೂ ಉಂಟು. ಹಾಗಂತ ಅಲೆಯೇ ಮದ್ದಲ್ಲ. ಮೆಟ್ಟಿಲಿಲ್ಲದ ಬಾಗಿದ ತಳಕ್ಕೆ ತೆರೆ ಸ್ವಲ್ಪ ಸಹಾಯ ಮಾಡುತ್ತದೆ, ಉದ್ಧಾರ ಮಾಡುವುದಿಲ್ಲ. ಗಾಳಿ ಜಾಸ್ತಿಯಾದರೆ ತಿರುಗುವಾಗ ಮಗುಚುವ ಅಪಾಯ ಬೇರೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹೊಳೆಯ ಮೇಲೆ ಚಿಕ್ಕ ಸುಕ್ಕು ಏಳುತ್ತದಲ್ಲ, ಆ ಹೊತ್ತು ಸರಿ. ಮಧ್ಯಾಹ್ನದ ಕಡಲಗಾಳಿಗೆ ಬಿಡಬೇಡಿ.

ನಿಮ್ಮ ಭಾವನಿಗೆ ಸ್ವಲ್ಪ ಜಾಸ್ತಿ ಹೊತ್ತು ಕೊಡುತ್ತೇನೆ. ಅವರ ಮಾತಿನಲ್ಲಿ ಇತಿಹಾಸ ಇದೆ, ಆದರೆ ತಿರುವು ತಪ್ಪಿದೆ.

ನೌಕಾಪಡೆಗಳಿಗೆ ಫ್ಲೋಟ್ ಬೇಕಾದದ್ದು ಯಾಕೆ ಅಂದರೆ ಸಮುದ್ರದ ನಡುವೆ ರನ್‌ವೇ ಇಲ್ಲ. ನೀರೇ ರನ್‌ವೇ ಆದರೆ ಎಷ್ಟು ಚೆನ್ನ ಅಂತ ಎಲ್ಲರಿಗೂ ಅನ್ನಿಸಿತು. 1914ರ ಕ್ರಿಸ್ಮಸ್ ದಿನ ಬ್ರಿಟನ್ನಿನ ಮೂರು ನೌಕೆಗಳು ಒಂಬತ್ತು ಫ್ಲೋಟ್ ವಿಮಾನಗಳನ್ನು ಜರ್ಮನ್ ಕರಾವಳಿಯ ಹತ್ತಿರ ಒಯ್ದು ನೀರಿಗಿಳಿಸಿದವು. ಜೆಪ್ಲಿನ್ ಅನ್ನುವ ದೈತ್ಯ ವಾಯುನೌಕೆಗಳ ಶೆಡ್ಡುಗಳ ಮೇಲೆ ಬಾಂಬು ಹಾಕುವುದು ಗುರಿ. ಎದ್ದದ್ದು ಏಳು. ಮಂಜಿನಲ್ಲಿ ಶೆಡ್ಡು ಸಿಗಲಿಲ್ಲ. ಬಂದು ನೌಕೆಗೆ ಏರಿದ್ದು ಮೂರೇ ವಿಮಾನ. ಪುಣ್ಯಕ್ಕೆ ಹೋದವರೆಲ್ಲ ಬದುಕಿದರು. ಕೆಲವರನ್ನು ಸಬ್‌ಮರೀನ್ ಎತ್ತಿಕೊಂಡಿತು, ಒಬ್ಬರನ್ನು ಡಚ್ಚರ ಮೀನು ದೋಣಿ.

ನಿಜವಾದ ಪರೀಕ್ಷೆ 1916ರ ಮೇ 31ರಂದು ಡೆನ್ಮಾರ್ಕ್ ಬಳಿಯ ಸಮುದ್ರದಲ್ಲಿ ನಡೆದ ಜಟ್‌ಲ್ಯಾಂಡ್ ಕಾಳಗ. ಎರಡು ದೈತ್ಯ ನೌಕಾಪಡೆಗಳು ಎದುರಾಗುತ್ತಿವೆ. ಬ್ರಿಟಿಷರ ಬಳಿ ಎಂಗಡೀನ್ ಎಂಬ ನೌಕೆಯಲ್ಲಿ ಫ್ಲೋಟ್ ವಿಮಾನ ಇದೆ. ಆಜ್ಞೆ ಬಂದ ಮೇಲೆ ವಿಮಾನ ಹೊರತಂದು, ರೆಕ್ಕೆ ಬಿಡಿಸಿ, ಕ್ರೇನಿನಲ್ಲಿ ನೀರಿಗಿಳಿಸಿ, ಏಳುವಷ್ಟರಲ್ಲಿ ಅರ್ಧ ಗಂಟೆಯ ಹತ್ತಿರ ಆಯಿತು. ಫ್ರೆಡರಿಕ್ ರಟ್‌ಲ್ಯಾಂಡ್ ಹಾರಿಸಿದರು, ಟ್ರೆವಿನ್ ಹಿಂದೆ ಕೂತು ವೈರ್‌ಲೆಸ್ ಕುಟ್ಟಿದರು. ಮೋಡ ತಗ್ಗಿತ್ತು, ಹಾಗಾಗಿ ಸುಮಾರು 300 ಮೀಟರ್ ಎತ್ತರದಲ್ಲೇ ಹಾರಿ ಜರ್ಮನ್ ಹಡಗುಗಳನ್ನು ಕಂಡರು. ಸುದ್ದಿ ಎಂಗಡೀನ್ ತಲುಪಿತು. ಅಲ್ಲಿಂದ ಸೇನಾಧಿಪತಿಯ ನೌಕೆಗೆ ತಲುಪಲಿಲ್ಲ. ಅಷ್ಟರಲ್ಲಿ ಪೆಟ್ರೋಲ್ ಪೈಪ್ ಒಡೆಯಿತು. ರಟ್‌ಲ್ಯಾಂಡ್ ನೀರಿಗಿಳಿದು, ತಮ್ಮ ತೇಲುಕವಚದ ರಬ್ಬರ್ ನಳಿಗೆ ಕಿತ್ತು ಪೈಪಿಗೆ ಜೋಡಿಸಿದರು. ಮತ್ತೆ ಹಾರಲು ಸಿದ್ಧ ಅಂದರು. ಬೇಡ, ವಾಪಸ್ ಹತ್ತಿ ಅಂತ ಆಜ್ಞೆ ಬಂತು. ಇಡೀ ಕಾಳಗದಲ್ಲಿ ಆ ವಿಮಾನ ಹಾರಿದ್ದು ಅದೊಂದೇ ಸಲ.

ಇಲ್ಲಿ ಸೋತದ್ದು ಫ್ಲೋಟಿನ ವಿಜ್ಞಾನ ಅಲ್ಲ. ಓಡುತ್ತಿರುವ ನೌಕಾಪಡೆಯಲ್ಲಿ ಒಂದು ಹಡಗು ನಿಂತು ವಿಮಾನ ಇಳಿಸಬೇಕು, ಮತ್ತೆ ನಿಂತು ಎತ್ತಿಕೊಳ್ಳಬೇಕು. ನಿಂತ ಹಡಗು ಸಬ್‌ಮರೀನ್‌ಗೆ ಸುಲಭದ ತುತ್ತು. ಜೊತೆಗೆ ಉತ್ತರ ಸಮುದ್ರದ ಅಲೆ ದಿನಾ ಅನುಮತಿ ಕೊಡುವುದಿಲ್ಲ. ಅದಕ್ಕೇ ಬ್ರಿಟಿಷರು ನೀರನ್ನು ಬಿಟ್ಟು ಡೆಕ್ಕಿನ ಕಡೆ ತಿರುಗಿದರು. 1915ರ ಆಗಸ್ಟಿನಲ್ಲೇ ಕ್ಯಾಂಪೇನಿಯಾ ನೌಕೆಯ ಡೆಕ್ಕಿನಿಂದ ಒಂದು ಫ್ಲೋಟ್ ವಿಮಾನವನ್ನು ಚಕ್ರದ ತಳ್ಳುಗಾಡಿಯ ಮೇಲೆ ಕೂರಿಸಿ ಹಾರಿಸಿದ್ದರು. ಇದೇ ರಟ್‌ಲ್ಯಾಂಡ್ 1917ರಲ್ಲಿ ಯಾರ್‌ಮತ್ ನೌಕೆಯ ಮೇಲೆ ಬರೀ ಆರು ಮೀಟರ್ ಉದ್ದದ ಹಲಗೆಯಿಂದ ಚಕ್ರದ ವಿಮಾನ ಎಬ್ಬಿಸಿ ತೋರಿಸಿದರು. ಇಂದಿನ ವಿಮಾನವಾಹಕ ನೌಕೆಯ ದಾರಿ ಅಲ್ಲಿಂದ.

ಆದರೆ ನೀರು ಶಾಂತವಾಗಿರುವ ಕಡೆ? ನಮ್ಮ ಅರಬ್ಬಿ ಸಮುದ್ರದ ಕಡೆಯೇ ಬನ್ನಿ. ಸರಕು ಹಡಗಿನ ವೇಷ ಹಾಕಿದ ಜರ್ಮನಿಯ 'ವುಲ್ಫ್' ಎಂಬ ಯುದ್ಧನೌಕೆ 1916ರ ನವೆಂಬರ್ ಕೊನೆಗೆ ಹೊರಟು 451 ದಿನ ಕಡಲಲ್ಲೇ ಇದ್ದು ಮನೆಗೆ ಮರಳಿತು. ಕೊಲಂಬೊ, ಮುಂಬೈ ಬಳಿ ಮೈನ್, ಅಂದರೆ ಹಡಗು ತಾಗಿದರೆ ಸಿಡಿಯುವ ಬಾಂಬು, ಬಿತ್ತಿತು. 1917ರ ಜೂನ್‌ನಲ್ಲಿ ಮುಂಬೈ ಹತ್ತಿರ 'ಮಂಗೋಲಿಯಾ' ಎಂಬ ಪ್ರಯಾಣಿಕ ಹಡಗು ಮುಳುಗಿದ್ದು ಅದರ ಮೈನ್‌ನಿಂದ. ವುಲ್ಫ್ ಅಂದರೆ ತೋಳ. ಅದರಲ್ಲಿದ್ದ ಫ್ರೀಡ್ರಿಕ್ಸ್‌ಹಾಫೆನ್ ಫ್ಲೋಟ್ ವಿಮಾನದ ಹೆಸರು 'ವುಲ್ಫ್‌ಷೆನ್', ಅಂದರೆ ತೋಳಮರಿ. ತೋಳಮರಿ ಮೇಲೆ ಹಾರಿ ದೂರದ ಹೊಗೆ ನೋಡಿ ಬರುತ್ತಿತ್ತು. ಬೇಟೆ ಸಿಕ್ಕರೆ ನಿಲ್ಲು ಅಂತ ಬರೆದ ಚೀಟಿಯನ್ನು ಚೀಲದಲ್ಲಿ ಹಾಕಿ ಡೆಕ್ಕಿಗೆ ಎಸೆಯುತ್ತಿತ್ತು, ಮಾತು ಕೇಳದಿದ್ದರೆ ಮುಂದೆ ಒಂದು ಬಾಂಬು. ಜಪಾನಿನ 'ಹಿಟಾಚಿ ಮಾರು' ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮಾಲ್ಡೀವ್ಸ್ ಹತ್ತಿರ ಸಿಕ್ಕಿಬಿದ್ದದ್ದು ಈ ತೋಳದ ಕೈಗೇ. ಈ ತೋಳವನ್ನು ಹುಡುಕಲು ಬ್ರಿಟಿಷರ 'ರೇವನ್ 2' ನೌಕೆಯೂ ಫ್ಲೋಟ್ ವಿಮಾನ ಹೊತ್ತು ಲಕ್ಷದ್ವೀಪ, ಮಾಲ್ಡೀವ್ಸ್ ಸುತ್ತಿತು, ಸಿಗಲಿಲ್ಲ. ತೋಳಮರಿ ಸಿಡ್ನಿ ಬಂದರಿನ ಮೇಲೆ ಹಾರಿತ್ತು ಅಂತ ಆಮೇಲೆ ಕಥೆ ಹಬ್ಬಿತು. ಅದನ್ನು ನಾನು ನಂಬುವುದಿಲ್ಲ. ಉಳಿದದ್ದೇ ಸಾಕಷ್ಟು ರೋಚಕವಾಗಿದೆ. ಭಾವನಿಗೆ ಹೇಳಿ, ಒಂಟಿ ಹಡಗಿಗೆ ಈ ಯಂತ್ರ ಕಣ್ಣಾಗಿತ್ತು, ಹಾಳು ದುಡ್ಡಾಗಿರಲಿಲ್ಲ.

ಸರಿ, ಮೂರು ವಾರದಲ್ಲಿ ಏನು ಮಾಡಬಹುದು? ಧೈರ್ಯಕ್ಕೆ ಮೊದಲು ಒಂದು ಮಾತು. 1914ರ ಏಪ್ರಿಲ್ 20ರಂದು ಮೊನಾಕೊದಲ್ಲಿ ಸೀಪ್ಲೇನುಗಳ ಷ್ನೈಡರ್ ಸ್ಪರ್ಧೆ ಇತ್ತು. ಅದಕ್ಕೆ ಮೂರು ವಾರವೂ ಇಲ್ಲದಾಗ ಸಾಪ್‌ವಿತ್ ಕಂಪನಿಯ ವಿಮಾನ ಪರೀಕ್ಷೆಯಲ್ಲೇ ಪಲ್ಟಿಯಾಗಿ ನೀರು ಕುಡಿಯಿತು. ಅದಕ್ಕೆ ನಡುವೆ ಒಂದೇ ಅಗಲದ ಫ್ಲೋಟ್ ಇತ್ತು. ಹೊಸದು ಮಾಡಲು ಸಮಯ ಇಲ್ಲ. ಆ ಫ್ಲೋಟನ್ನೇ ಉದ್ದಕ್ಕೆ ಗರಗಸದಲ್ಲಿ ಸೀಳಿ ಎರಡು ಮಾಡಿ ಕಟ್ಟಿದರು. ಹೊವರ್ಡ್ ಪಿಕ್ಸ್‌ಟನ್ ಅದನ್ನೇ ಹಾರಿಸಿ ಸ್ಪರ್ಧೆ ಗೆದ್ದರು. ಬ್ರಿಟಿಷ್ ನೌಕಾಪಡೆಯ ಒಂಟಿ ಸೀಟಿನ ಫ್ಲೋಟ್ ವಿಮಾನಗಳು ಆ ಗರಗಸದ ಕೆಲಸದಿಂದಲೇ ಬೆಳೆದವು.

ನಿಮ್ಮ ಫ್ಲೋಟನ್ನು ಸೀಳುವುದು ಬೇಡ, ಉದ್ದ ಮಾಡಿ. ಮಾದರಿ ವಿಮಾನಕ್ಕೆ ಫ್ಲೋಟ್ ಒಡಲಿನ ಉದ್ದದ ಮುಕ್ಕಾಲು ಭಾಗ ಇರಬೇಕು, ಅಂದರೆ ನಿಮಗೆ ಸುಮಾರು 98 ಸೆಂ.ಮೀ. ಜಾಸ್ತಿ ಉದ್ದ ಮುಂದಕ್ಕೇ ಹೋಗಲಿ. ಫ್ಲೋಟಿನ ಮೂತಿ ಪ್ರೊಪೆಲ್ಲರಿಗಿಂತ ಮುಂದೆ, ಪ್ರೊಪೆಲ್ಲರಿನ ಅಗಲದ ಅರ್ಧದಷ್ಟಾದರೂ ಚಾಚಿರಬೇಕು. ಮೂತಿ ಬಗ್ಗುವುದಕ್ಕೆ ಅರ್ಧ ಪರಿಹಾರ ಇದೇ. ಎರಡೂ ಫ್ಲೋಟ್ ಸೇರಿ ವಿಮಾನದ ತೂಕದ 1.8 ಪಟ್ಟು ಹೊರುವಂತಿರಬೇಕು. ದೊಡ್ಡ ವಿಮಾನಗಳಿಗೂ ಇದೇ ನಿಯಮ. ನಿಮ್ಮ 4.3 ಕೆ.ಜಿ.ಗೆ ಸುಮಾರು 7.7 ಲೀಟರ್. ಒಂದೊಂದರ ಗಾತ್ರ ನಾಲ್ಕು ಲೀಟರಿಗೆ ಹತ್ತಿರ ಇದ್ದರೆ ನೆಮ್ಮದಿ.

ತಳದ ಹಿಂದಿನ ಬಾಗುವಿಕೆಯನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಿ. ವಿಮಾನದ ತೂಕದ ಕೇಂದ್ರಕ್ಕಿಂತ ಒಂದು, ಒಂದೂವರೆ ಸೆಂ.ಮೀ. ಹಿಂದೆ ಮೆಟ್ಟಿಲು ಬರಲಿ. ಆಳ ಒಂದು ಸೆಂ.ಮೀ. ಸಾಕು. ಅಲ್ಲಿಂದ ಹಿಂದಕ್ಕೆ ತಳ ನೇರ ಗೆರೆಯಲ್ಲಿ 6ರಿಂದ 8 ಡಿಗ್ರಿ ಮೇಲಕ್ಕೆ ಹೋಗಲಿ, ಬಾಗುವುದು ಬೇಡ. ಜಾಗ ತಪ್ಪಿದರೆ ಬೇರೆ ಕಷ್ಟ ಇದೆ. ಮೆಟ್ಟಿಲು ತೀರಾ ಹಿಂದೆ ಹೋದರೆ ಮೂತಿ ಏಳುವುದೇ ಇಲ್ಲ. ತೀರಾ ಮುಂದೆ ಬಂದರೆ ಓಡುವಾಗ ಕುಣಿಯತೊಡಗುತ್ತದೆ, ಡಾಲ್ಫಿನ್ ಹಾಗೆ ಮೂತಿ ಎತ್ತಿ ಇಳಿಸಿ, ಎತ್ತಿ ಇಳಿಸಿ, ಕೊನೆಗೆ ಮಗುಚುತ್ತದೆ. ಹಾಗೆ ಕುಣಿಯಲು ಶುರುವಾದರೆ ಜಾಯ್‌ಸ್ಟಿಕ್ ಜೊತೆ ಗುದ್ದಾಡದೆ ತಕ್ಷಣ ಮೋಟಾರು ಇಳಿಸಲು ಮಗಳಿಗೆ ಹೇಳಿ.

ಮೆಟ್ಟಿಲಿನ ಅಂಚಿನ ಬಗ್ಗೆ ನನ್ನದೇ ಮಾನ ಹೋದ ಕಥೆ ಹೇಳುತ್ತೇನೆ. ವಿಮಾನ ವಿನ್ಯಾಸದ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾವು ಮೂವರು ರಜೆಯಲ್ಲಿ ಇಂಥದೇ ಮಾದರಿ ಮಾಡಿದ್ದೆವು. ಲೆಕ್ಕ ಎಲ್ಲ ಸರಿ ಇತ್ತು. ಚಂದ ಕಾಣಲಿ ಅಂತ ನಾನೇ ಕೂತು ಮೆಟ್ಟಿಲಿನ ಅಂಚನ್ನು ಮರಳು ಕಾಗದದಲ್ಲಿ ಉಜ್ಜಿ ದುಂಡಗೆ ಮಾಡಿದೆ, ಮೇಲೆ ಮೂರು ಕೋಟ್ ಬಣ್ಣ. ಕೆರೆಯಲ್ಲಿ ಬಿಟ್ಟರೆ ದಡದಿಂದ ದಡಕ್ಕೆ ಓಡಿತು, ಏಳಲಿಲ್ಲ. ಹಿರಿಯ ಸಹೋದ್ಯೋಗಿಯೊಬ್ಬರು ಬಂದು, ಅಂಚಿನ ಮೇಲೆ ಬೆರಳಾಡಿಸಿ, ಏನೂ ಮಾತಾಡದೆ ಜೇಬಿನಿಂದ ಹಳೇ ಪ್ಲಾಸ್ಟಿಕ್ ಸ್ಕೇಲ್ ತೆಗೆದು ಮುರಿದು ಅಂಚಿಗೆ ಅಂಟಿಸಿದರು. ಮುಂದಿನ ಓಟಕ್ಕೇ ಎದ್ದಿತು. ಲೋಟದ ಅಂಚು ನೆನಪಿರಲಿ, ಉಗುರು ಸಿಕ್ಕಿಕೊಳ್ಳುವಷ್ಟು ಚೂಪು ಇರಬೇಕು.

ಇದೆಲ್ಲ ಆಗದಿದ್ದರೆ ಇನ್ನೊಂದು ದಾರಿ ಕ್ಯಾಂಪೇನಿಯಾದ್ದು. ಒದ್ದೆ ಹುಲ್ಲಿನ ಮೇಲಿಂದ ಎಬ್ಬಿಸಿ ನೀರಿನಲ್ಲಿ ಇಳಿಸುವುದು. ಮಾದರಿ ವಿಮಾನಕ್ಕೆ ಇದು ನಡೆಯುತ್ತದೆ, ಆದರೆ ಒಂದು ಕಲ್ಲು ಸಿಕ್ಕರೆ ಫ್ಲೋಟಿನ ತಳ ಹೋಯಿತು. ಪ್ರದರ್ಶನದ ದಿನ ಮಾನ ಉಳಿಸಿಕೊಳ್ಳಲು ಇಟ್ಟುಕೊಳ್ಳಿ, ಅಭ್ಯಾಸಕ್ಕೆ ಬೇಡ. ಮುಂದಕ್ಕೆ ಚಾಚಿದ ಫ್ಲೋಟುಗಳು ಹಾರುವಾಗ ವಿಮಾನವನ್ನು ಅಡ್ಡಡ್ಡ ಎಳೆಯುತ್ತವೆ, ಬಾಲದ ಕೆಳಗೆ ನೇರ ಕೆಳಕ್ಕೆ ನಿಲ್ಲುವ ಅಂಗೈಯಗಲದ ರೆಕ್ಕೆಯೊಂದು ಸೇರಿಸಿ. ಬ್ಯಾಟರಿ, ರಿಸೀವರ್ ಎರಡನ್ನೂ ನೀರು ನುಗ್ಗದ ಡಬ್ಬದಲ್ಲಿಡಿ. ಕುಂದಾಪುರದ ಹೊಳೆ ಉಪ್ಪು, ಪ್ರತಿ ಸಲ ಸಿಹಿನೀರಿನಲ್ಲಿ ತೊಳೆಯಿರಿ. ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗ ಹಸಿರು ವಲಯದಲ್ಲಿದೆಯಾ ಅಂತ ಒಮ್ಮೆ ನೋಡಿ. ವಿಮಾನ ಬಿದ್ದರೆ ತರಲು ಯಾರೂ ಈಜಿಕೊಂಡು ಹೋಗಬಾರದು. ದೋಣಿ, ಲೈಫ್ ಜಾಕೆಟ್ ಇರಲಿ, ಬ್ಯಾಟರಿ ಬಿಚ್ಚುವ ತನಕ ಪ್ರೊಪೆಲ್ಲರಿನ ಹತ್ತಿರ ಕೈ ಬೇಡ.

ಹಾರಿಸುವ ಮೊದಲು ಒಂದು ಬೆಳಿಗ್ಗೆ ನಿಮ್ಮ ಮೀನುಗಾರರ ಸಹಾಯ ಕೇಳಿ. ಪ್ರೊಪೆಲ್ಲರ್ ಕಳಚಿ. ಅವರ ದೋಣಿಗೆ ಅಡ್ಡಲಾಗಿ ಉದ್ದ ಬಿದಿರಿನ ಗಳ ಕಟ್ಟಿ, ಅದರ ತುದಿಯಿಂದ ಹಗ್ಗದಲ್ಲಿ ವಿಮಾನವನ್ನು ಎಳೆಯಲಿ, ದೋಣಿಯ ಅಲೆ ತಾಗದಷ್ಟು ದೂರದಲ್ಲಿ. ಹಗ್ಗದ ನಡುವೆ ಮೀನು ತೂಗುವ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ. ವೇಗ ಏರಿಸುತ್ತಾ ಹೋದಾಗ ಮುಳ್ಳು ಒಂದು ಕೆ.ಜಿ. ಆಸುಪಾಸಿಗೆ ಏರಿ, ಆಮೇಲೆ ತಾನಾಗಿ ಇಳಿಯತೊಡಗಿದರೆ ಫ್ಲೋಟ್ ಮೆಟ್ಟಿಲಿನ ಮೇಲೆ ನಿಂತಿದೆ ಅಂತ ಅರ್ಥ. ಈಗಿರುವ ಮೋಟಾರೇ ಸಾಕು. ಮುಳ್ಳು ಏರುತ್ತಲೇ ಹೋದರೆ ವಿಮಾನವನ್ನು ದಡಕ್ಕೆ ತಂದು, ಮಗುಚಿ, ಮೆಟ್ಟಿಲಿನ ಹಿಂದೆ ಎಲ್ಲಿಯವರೆಗೆ ಒದ್ದೆಯಾಗಿದೆ ಅಂತ ನೋಡಿ. ಅಲ್ಲಿಂದ ಶುರು ಮಾಡಿ.